ಕ್ಲೆರಿಕ್ ಯಾರು ಆಗೋದು?

ಕನ್ನಡ ಬ್ಲಾಗುಗಳಲ್ಲಿ ಕಂಪ್ಯೂಟರ್ ಗೇಮಿನ ಬಗ್ಗೆ ಬರಹ ಅಪರೂಪ. ಇದ್ದರೂ "ಹುಡುಗರು ಕೆಟ್ಟುಹೋಗ್ತಿದ್ದಾರೆ" ಅನ್ನುವ ಗೋಳಾಟವೇ ಜಾಸ್ತಿ. ಕವಿತೆ, ಹರಟೆ, ಮಳೆಗಾಲದ ಫೋಟೋ ಎಲ್ಲ ನೋಡಿ ನೋಡಿ ಸುಸ್ತಾದವರು ಇವತ್ತು ಬದಲಾವಣೆಗೆ ಇದನ್ನು ಓದಿ. ಗೇಮ್ ಆಡದವರೂ ಓದಬಹುದು. ಮಾತು ಖಾನಾಪುರದ ಕಾಡಿನ ಕಡೆಗೂ ಹೋಗುತ್ತೆ, ನಿಮ್ಮ ಅಡುಗೆಮನೆಯನ್ನೂ ಸ್ವಲ್ಪ ಇಣುಕುತ್ತೆ :-)

ನನ್ನ ತಕರಾರು ಒಂದೇ. ಫ್ಯಾಂಟಸಿ ರೋಲ್ ಪ್ಲೇಯಿಂಗ್ ಗೇಮ್ (ಇನ್ಮುಂದೆ ಆರ್‌ಪಿಜಿ ಅಂತೀನಿ) ಆಡೋರೆಲ್ಲ "ಬ್ಯಾಲೆನ್ಸ್ಡ್ ಪಾರ್ಟಿ" ಅಂತ ಒಂದು ಮಂತ್ರ ಹೇಳ್ತಿರ್ತಾರೆ. ಪಾರ್ಟಿ ಅಂದರೆ ದಾಬಾದಲ್ಲಿ ಮಾಡೋದಲ್ಲ, ಚಳಿಗಾಲದಲ್ಲಿ ಹತ್ತು ದಿನ ಸುವರ್ಣ ಸೌಧಕ್ಕೆ ಬಂದು ಕೂತು ಹೋಗೋದೂ ಅಲ್ಲ. ನಾಲ್ಕು ಜನವೋ ಆರು ಜನವೋ ಸೇರಿ ಕಾಡು, ಗುಹೆ, ಪಾಳು ಕೋಟೆ ಸುತ್ತಿ ರಾಕ್ಷಸರ ಜೊತೆ ಹೊಡೆದಾಡುವ ಒಂದು ದಂಡು. ಆ ದಂಡಿನಲ್ಲಿ ಯಾರ್ಯಾರು ಇರಬೇಕು? ಮುಂದೆ ನಿಂತು ಏಟು ತಿನ್ನೋಕೆ ಒಬ್ಬ ಫೈಟರ್, ಬೀಗ ತೆಗೆಯೋಕೆ ಮತ್ತು ಬಲೆ ಹುಡುಕೋಕೆ ಒಬ್ಬ ಥೀಫ್, ದೂರದಿಂದ ಬೆಂಕಿ ಉಗುಳೋಕೆ ಒಬ್ಬ ಮೇಜ್ (ಮಂತ್ರವಾದಿ ಅನ್ನಿ), ಗಾಯ ವಾಸಿ ಮಾಡೋಕೆ ಒಬ್ಬ ಕ್ಲೆರಿಕ್, ಅಂದರೆ ಪೂಜಾರಪ್ಪ. ಒಂದೊಂದು ಕೆಲಸಕ್ಕೆ ಒಬ್ಬೊಬ್ಬ. ಇದಕ್ಕೇ ಬ್ಯಾಲೆನ್ಸ್ ಅಂತಾರೆ.

ನಾನು ಹೇಳೋದು, ಹೀಗೆ ಕಟ್ಟಿದ ದಂಡು ಬ್ಯಾಲೆನ್ಸ್ ಅಲ್ಲವೇ ಅಲ್ಲ, ಒಂದೇ ಒಂದು ಕಾಲು ಮುರಿದರೆ ಮಗುಚಿ ಬೀಳುವ ನಾಲ್ಕು ಕಾಲಿನ ಸ್ಟೂಲು ಅದು. ಅಷ್ಟೇ ಅಲ್ಲ, ಆ ನಾಲ್ಕರಲ್ಲಿ ಒಂದು ಕಾಲನ್ನು ಯಾವಾಗಲೂ ಒಬ್ಬರ ತಲೆಗೇ ಕಟ್ಟುತ್ತಾರೆ. ಅದರ ಬಗ್ಗೆ ಆಮೇಲೆ.

ಮೊದಲು ಈ ಮಂತ್ರ ಎಲ್ಲಿಂದ ಬಂತು ನೋಡೋಣ. ಎಲ್ಲಕ್ಕೂ ಮೂಲ 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮಾಡಿದ, ಕಂಪ್ಯೂಟರ್ ಇಲ್ಲದೆ ಕಾಗದ, ಪೆನ್ಸಿಲ್ಲು, ದಾಳ ಇಟ್ಟುಕೊಂಡು ಆಡುವ ಆಟ. ಅದರಲ್ಲಿ ಮೊದಲಿಗೆ ಇದ್ದದ್ದು ಮೂರೇ ವರ್ಗ: ಹೊಡೆದಾಡೋನು, ಮಂತ್ರವಾದಿ, ಕ್ಲೆರಿಕ್. ಥೀಫ್ ಬಂದಿದ್ದು 1975ರಲ್ಲಿ, ಗ್ರೇಹಾಕ್ ಅನ್ನುವ ಪುರವಣಿ ಪುಸ್ತಕದ ಜೊತೆ. ಇಲ್ಲೊಂದು ತಮಾಷೆ ಇದೆ. ಥೀಫ್ ಬರೋ ಮುಂಚೆ ಬಾಗಿಲು ಯಾರು ತೆಗೀತಿದ್ರು? ಬಲೆ ಯಾರು ಹುಡುಕ್ತಿದ್ರು? ಎಲ್ಲರೂ! ಉದ್ದ ಕೋಲಿನಿಂದ ನೆಲ ಕುಟ್ಟಿ ಕುಟ್ಟಿ ನಡೀತಿದ್ರು. ಆ ಕೆಲಸಕ್ಕೇ ಅಂತ ಒಬ್ಬ ಬಂದ ಮೇಲೆ ಉಳಿದವರು ಬೀಗಕ್ಕೆ ಕೈ ಹಾಕೋದನ್ನೇ ಬಿಟ್ಟರು. "ಅದು ಅವನ ಕೆಲಸ" ಅಂದುಬಿಟ್ಟರು. ಒಂದು ಕೆಲಸ ಒಬ್ಬನ ಹೆಸರಿಗೆ ಬಿದ್ದ ಮೇಲೆ ಅದು ಜಾತಿ ಆಗೋಕೆ ಎಷ್ಟು ಹೊತ್ತು ಹೇಳಿ? ನಮ್ಮ ದೇಶದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಂಪ್ಯೂಟರಿಗೆ ಬಂದಾಗ ಈ ಲೆಕ್ಕ ಇನ್ನೂ ಗಟ್ಟಿಯಾಯಿತು. 1981ರ ವಿಝಾರ್ಡ್ರಿಯಲ್ಲಿ ಆರು ಜನರ ದಂಡು. ಮುಂದಿನ ಸಾಲಿನ ಮೂವರು ಮಾತ್ರ ಕತ್ತಿ ಬೀಸಬಹುದು, ಹಿಂದಿನ ಮೂವರಿಗೆ ಆಗಲ್ಲ. ಆಗ ಹಿಂದಿನ ಸಾಲಿಗೆ ಮೇಜು, ಥೀಫು, ಪೂಜಾರಪ್ಪ ಬಿಟ್ಟರೆ ಇನ್ನಾರನ್ನು ನಿಲ್ಲಿಸ್ತೀರಿ? ಆಟದ ನಿಯಮವೇ ಆ ಸೂತ್ರವನ್ನು ಕೇಳುತ್ತಿತ್ತು. 1987ರ ಮೊದಲ ಫೈನಲ್ ಫ್ಯಾಂಟಸಿಯಲ್ಲಂತೂ ಶುರುವಿನಲ್ಲೇ ನಾಲ್ಕು ಜನರನ್ನು ಆರಿಸಿಕೊಳ್ಳಬೇಕು, ಆಮೇಲೆ ಒಬ್ಬರನ್ನೂ ಬದಲಾಯಿಸೋ ಹಾಗಿಲ್ಲ. ಮದುವೆ ಇದ್ದ ಹಾಗೆ :-)

ನಮ್ಮ ಕಡೆ ಈ ಗೇಮುಗಳ ರುಚಿ ಹತ್ತಿದ್ದು ಬಾಲ್ಡರ್ಸ್ ಗೇಟ್ (1998) ಮತ್ತು ಐಸ್‌ವಿಂಡ್ ಡೇಲ್ (2000) ಕಾಲದಲ್ಲಿ. ಬಾಲ್ಡರ್ಸ್ ಗೇಟ್ ಐದು ಸಿ.ಡಿ.ಗಳಲ್ಲಿ ಬರ್ತಿತ್ತು. ಒಂದು ಊರಿನಿಂದ ಇನ್ನೊಂದು ಊರಿಗೆ ಹೋದರೆ "ಮೂರನೇ ಸಿ.ಡಿ. ಹಾಕಿ" ಅನ್ನೋದು. ಒಂದು ಸಿ.ಡಿ. ಗೀರು ಬಿದ್ದರೆ ಆ ಊರೇ ಇಲ್ಲ! ಬೆಳಗಾವಿಯ ಸೈಬರ್ ಕೆಫೆಗಳಲ್ಲಿ ಎಲ್ಲರೂ ಕೌಂಟರ್ ಸ್ಟ್ರೈಕ್ ಆಡ್ತಿದ್ದ ದಿನಗಳು ಅವು. ಆರ್‌ಪಿಜಿ ಕೆಫೆಗೆ ಒಗ್ಗೋ ಆಟ ಅಲ್ಲ. ಗಂಟೆ ಲೆಕ್ಕದ ದುಡ್ಡು, ಮೊದಲ ಗಂಟೆ ಪಾತ್ರ ಸೃಷ್ಟಿ ಮಾಡೋದರಲ್ಲೇ ಮುಗಿಯುತ್ತೆ, ಮರುದಿನ ಬಂದರೆ ಯಾರೋ ನಿಮ್ಮ ಸೇವ್ ಅಳಿಸಿರ್ತಾರೆ. ಹಾಗಾಗಿ ಮನೆಯಲ್ಲಿ ಕಂಪ್ಯೂಟರ್ ಇದ್ದವರ ಹಿಂದೆ ಕುರ್ಚಿ ಹಾಕಿಕೊಂಡು ನಾಲ್ಕು ಜನ ಕೂರೋದು, ಆಡೋನು ಒಬ್ಬ, ಸಲಹೆ ಕೊಡೋರು ಮೂವರು. ಆ ಸಲಹೆಗಳಲ್ಲಿ ಅತಿ ಹೆಚ್ಚು ಕೇಳಿಬರ್ತಿದ್ದದ್ದು, "ಲೇ, ಕ್ಲೆರಿಕ್ ಒಬ್ಬನ್ನ ಹಾಕ್ಕೊಳ್ಳಲೇ, ಇಲ್ಲಾಂದ್ರ ಸಾಯ್ತಿ".

ಸರಿ, ಒಬ್ಬ ಕ್ಲೆರಿಕ್‌ನನ್ನು ಹಾಕಿಕೊಂಡಿರಿ ಅಂತಿಟ್ಟುಕೊಳ್ಳಿ. ಗುಹೆಯೊಳಗೆ ಹೋದಿರಿ. ಅಲ್ಲಿ ಘೂಲ್ ಅನ್ನುವ ಹೆಣ ತಿನ್ನೋ ಪಿಶಾಚಿ ಇರುತ್ತೆ. ಅದು ಮುಟ್ಟಿದರೆ ಮನುಷ್ಯ ಮರಗಟ್ಟಿ ನಿಲ್ತಾನೆ, ಕೈ ಕಾಲು ಆಡಲ್ಲ. ಅದನ್ನು ಬಿಡಿಸೋಕೆ ಮಂತ್ರ ಇದೆ, ರಿಮೂವ್ ಪ್ಯಾರಾಲಿಸಿಸ್ ಅಂತ. ಅದು ಯಾರ ಹತ್ತಿರ ಇರುತ್ತೆ? ಕ್ಲೆರಿಕ್ ಹತ್ತಿರ. ಘೂಲು ಮೊದಲು ಮುಟ್ಟಿದ್ದು ಯಾರನ್ನ? ಕ್ಲೆರಿಕ್‌ನನ್ನೇ! ಮುಗೀತು ಕಥೆ. ಊರಿಗೊಬ್ಬನೇ ಡಾಕ್ಟ್ರು, ಅವನಿಗೇ ಜ್ವರ ಬಂದ ಹಾಗೆ. ಕಾಗದದ ಮೇಲೆ ಈ ದಂಡಿನಲ್ಲಿ ಎಲ್ಲ ಇತ್ತು. ಬೀಗ ತೆಗೆಯೋನಿದ್ದ, ಬೆಂಕಿ ಉಗುಳೋನಿದ್ದ, ಔಷಧ ಹಚ್ಚೋನೂ ಇದ್ದ. ಆದರೆ ಪ್ರತಿಯೊಂದೂ ಒಂದೊಂದೇ ಇತ್ತು. ಎರಡನೇದು ಯಾವುದೂ ಇರಲಿಲ್ಲ.

ಅದಕ್ಕೇ ನನ್ನ ವಾದ: ದಂಡು ಕಟ್ಟುವಾಗ ಜನರನ್ನು ಎಣಿಸಬೇಡಿ, ಕೆಲಸಗಳನ್ನು ಎಣಿಸಿ. ಮತ್ತೆ ಪ್ರತಿ ಕೆಲಸದ ಎದುರು ಎರಡು ಹೆಸರು ಬರೆಯೋಕೆ ಆಗುತ್ತಾ ನೋಡಿ. ಆಗಲ್ಲ ಅನ್ನಬೇಡಿ, ಈ ಹಳೇ ಗೇಮುಗಳಲ್ಲೇ ಅದಕ್ಕೆ ಬೇಕಾದಷ್ಟು ದಾರಿ ಇದೆ. ಬಲೆ ಹುಡುಕೋದು ಥೀಫ್ ಕೆಲಸ ಅಂತೀರಿ, ಆದರೆ ಕ್ಲೆರಿಕ್‌ಗೂ ಫೈಂಡ್ ಟ್ರ್ಯಾಪ್ಸ್ ಅನ್ನುವ ಎರಡನೇ ಲೆವೆಲ್ಲಿನ ಮಂತ್ರ ಇದೆ. ಬೀಗಕ್ಕೆ ಮಂತ್ರವಾದಿಯ ಹತ್ತಿರ ನಾಕ್ ಅನ್ನುವ ಮಂತ್ರ ಇದೆ, ಅದೂ ಇಲ್ಲಾಂದರೆ ತೋಳ್ಬಲ ಇರೋ ಫೈಟರ್ ಪೆಟ್ಟಿಗೆಯನ್ನು ಗುದ್ದಿಯೇ ಒಡೀಬಹುದು. ಕುಳ್ಳರ ಜಾತಿಯ ಡ್ವಾರ್ಫ್ ಏಕಕಾಲಕ್ಕೆ ಫೈಟರ್ರೂ ಆಗ್ತಾನೆ, ಕ್ಲೆರಿಕ್ಕೂ ಆಗ್ತಾನೆ. ಅರ್ಧ ಎಲ್ಫ್ ಆದ ಜಾಹೀರಾ ಹಾಗೆಯೇ ಫೈಟರ್ ಮತ್ತು ಡ್ರೂಯಿಡ್ ಎರಡೂ. ಏಟೂ ತಿಂತಾಳೆ, ಔಷಧವನ್ನೂ ಹಚ್ತಾಳೆ. ಹೌದು, ಇಂಥವರ ಲೆವೆಲ್ಲು ನಿಧಾನಕ್ಕೆ ಏರುತ್ತೆ, ಯಾಕಂದ್ರೆ ಗಳಿಸಿದ ಅನುಭವ ಎರಡು ಕಡೆ ಹಂಚಿಹೋಗುತ್ತೆ. "ಎರಡು ದೋಣಿ ಮೇಲೆ ಕಾಲು" ಅಂತ ಹಳೇ ಆಟಗಾರರು ಮೂಗು ಮುರೀತಾರೆ. ಮುರೀಲಿ. ಒಂದು ದೋಣಿ ತೂತಾದಾಗ ಯಾರು ಬದುಕ್ತಾರೆ ಅನ್ನೋದು ಗೊತ್ತಾಗುತ್ತೆ.

ಇನ್ನೂ ಒಂದು ವಿಷಯ ಆ ಸೂತ್ರಕ್ಕೆ ಗೊತ್ತಿಲ್ಲ. ದಂಡಿನಲ್ಲಿರೋರು ಮನುಷ್ಯರು. (ಕೆಲವರು ಎಲ್ಫುಗಳು, ಇರಲಿ.) ಬಾಲ್ಡರ್ಸ್ ಗೇಟ್ ಇದನ್ನು ಚೆನ್ನಾಗಿ ಹಿಡಿದಿತ್ತು. ಮೇಲೆ ಹೇಳಿದ ಜಾಹೀರಾ ಬೇಕಂದ್ರೆ ಅವಳ ಗಂಡ ಖಾಲಿದ್‌ನನ್ನೂ ಕರ್ಕೊಳ್ಳಬೇಕು, ಅವನನ್ನು ಬಿಟ್ಟರೆ ಅವಳೂ ನಡೀತಾಳೆ. ಖಾಲಿದ್ ಒಳ್ಳೇ ಫೈಟರ್ರೇ, ಆದರೆ ಹೊಡೆದಾಟ ಜೋರಾದರೆ ಹೆದರಿ ಓಡ್ತಾನೆ. ಮಿನ್ಸ್ಕ್ ಅನ್ನೋ ದೈತ್ಯನನ್ನು ಕರ್ಕೊಂಡ್ರೆ ಅವನ ಒಡತಿಯನ್ನು ಸೆರೆಯಿಂದ ಬಿಡಿಸೋಕೆ ಹೋಗಬೇಕು, ತಡ ಮಾಡಿದರೆ ನಿಮ್ಮ ಮೇಲೇ ತಿರುಗಿ ಬೀಳ್ತಾನೆ. ಸಜ್ಜನರನ್ನೂ ದುರ್ಜನರನ್ನೂ ಒಟ್ಟಿಗೆ ಇಟ್ಟುಕೊಂಡರೆ ಮಧ್ಯ ದಾರಿಯಲ್ಲೇ ಕತ್ತಿ ಹಿರೀತಾರೆ. ಕಾಗದದ ಲೆಕ್ಕದಲ್ಲಿ ಅತಿ ಶಕ್ತಿಶಾಲಿ ಆರು ಜನ ಒಂದು ವಾರ ಒಟ್ಟಿಗೆ ಇರಲ್ಲ. ನಮ್ಮ ಮೈತ್ರಿ ಸರ್ಕಾರಗಳ ಕಥೆ ಕಂಡವರಿಗೆ ಇದೂ ಹೊಸದಲ್ಲ ಬಿಡಿ.

ಈಗ ಶೀರ್ಷಿಕೆಗೆ ಬರ್ತೀನಿ. ಕ್ಲೆರಿಕ್ ಯಾರು ಆಗೋದು?

ಒಬ್ಬನೇ ಕೂತು ಆಡುವಾಗ ಈ ಪ್ರಶ್ನೆ ಏಳಲ್ಲ. ನಾಲ್ಕು ಜನ ಸೇರಿ ಆಡಿದಾಗ ಏಳುತ್ತೆ. 2023ರ ಆಗಸ್ಟ್‌ನಲ್ಲಿ ಬಾಲ್ಡರ್ಸ್ ಗೇಟ್ 3 ಬಂತಲ್ಲ, ಅದನ್ನು ನಾಲ್ಕು ಜನ ಒಟ್ಟಿಗೆ ಆಡಬಹುದು. ಟಿಳಕವಾಡಿಯಲ್ಲಿರೋ ನಮ್ಮ ಅಕ್ಕನ ಮಗ, ಅವನ ತಂಗಿ, ಅವನ ಇಬ್ಬರು ಗೆಳೆಯರು (ಅದರಲ್ಲಿ ಒಬ್ಬ ಖಾನಾಪುರದವನು, ಓದೋಕೆ ಬೆಳಗಾವಿಗೆ ಬರ್ತಾನೆ) ಹೀಗೊಂದು ದಂಡು ಕಟ್ಟಿದರು. ಅಣ್ಣ ಪ್ಯಾಲಡಿನ್ ಆದ, ಒಬ್ಬ ಗೆಳೆಯ ರೋಗ್, ಖಾನಾಪುರದವನು ಸೋರ್ಸರರ್. ಇನ್ನು ಉಳಿದದ್ದು? "ಬ್ಯಾಲೆನ್ಸ್ ಬೇಕಲ್ಲ, ನೀ ಕ್ಲೆರಿಕ್ ಆಗು" ಅಂತ ತಂಗಿಗೆ ಹೇಳಿದರು. ಅವಳಿಗೆ ಬೇಕಾಗಿದ್ದು ಬಾರ್ಬೇರಿಯನ್, ಸಿಟ್ಟು ಬಂದರೆ ಮೇಜು ಕುರ್ಚಿ ಎತ್ತಿ ಒಗೆಯೋ ಪಾತ್ರ. ಮೂರು ವಾರ ಆಡಿದ ಮೇಲೆ ನನ್ನ ಹತ್ರ ಬಂದು ಅಂದಳು, "ಮಾಮಾ, ಇವರು ಮೂರು ಮಂದಿ ಹೋಗಿ ಹೊಡಸ್ಕೊಂಡು ಬರತಾರ, ನಾ ಇವರ ಹಿಂದಿಂದ ಅಡ್ಡಾಡಿ ಮುಲಾಮ ಹಚ್ಚೂದು. ಇದಕ್ಕ ನಾ ಯಾಕ ಆಡಬೇಕು, ಅವ್ವನ ಕೂಡ ಅಡಗಿಮನ್ಯಾಗ ನಿಂತರ ಸಾಕಲ್ಲ?"

ಆ ಮಾತು ನನಗೆ ಸರಿಯಾಗೇ ನಾಟಿತು. ನೋಡಿ, ಯಾರೂ ದುಷ್ಟರಲ್ಲ ಇಲ್ಲಿ. ಅಣ್ಣನಿಗೆ ತಂಗಿ ಮೇಲೆ ಪ್ರೀತಿ ಇದೆ. ಆದರೆ "ಬ್ಯಾಲೆನ್ಸ್" ಅನ್ನೋ ಪದ ಬಂದ ಕೂಡಲೇ ಯಾರಿಗೂ ಬೇಡದ ಕೆಲಸ ಅತಿ ಚಿಕ್ಕವರ ತಲೆಗೋ, ಆ ಕೋಣೆಯಲ್ಲಿರೋ ಒಬ್ಬಳೇ ಹುಡುಗಿಯ ತಲೆಗೋ ಹೋಗುತ್ತೆ. ಮತ್ತು ಅದಕ್ಕೆ ಕಾರಣ ಕೇಳಿದರೆ "ದಂಡಿನ ಹಿತಕ್ಕೆ" ಅನ್ನೋ ದೊಡ್ಡ ಮಾತು ಸಿದ್ಧವಾಗಿರುತ್ತೆ. ಟ್ರೆಕ್ಕಿಂಗ್ ಹೋದಾಗ ಪಾತ್ರೆ ಹೊರೋನು, ಅವಲಕ್ಕಿ ಕಲಸೋನು ಪ್ರತಿ ಸಲ ಅದೇ ಒಬ್ಬ ಯಾಕೆ ಆಗಿರ್ತಾನೆ? ಆಫೀಸಿನಲ್ಲಿ ಮೀಟಿಂಗ್ ಟಿಪ್ಪಣಿ ಬರೆಯೋಳು ಪ್ರತಿ ಸಲ ಅದೇ ಒಬ್ಬಳು ಯಾಕೆ ಆಗಿರ್ತಾಳೆ? ಎಲ್ಲ ಬ್ಯಾಲೆನ್ಸ್ ಸ್ವಾಮೀ, ಬ್ಯಾಲೆನ್ಸ್.

ಕ್ಲೆರಿಕ್ ಕೀಳು ಪಾತ್ರ ಅಂತ ನಾನು ಹೇಳ್ತಿಲ್ಲ. ಆಸೆ ಪಟ್ಟು ಕ್ಲೆರಿಕ್ ಆಗೋರನ್ನು ನೋಡಿದ್ದೀನಿ, ಬಹಳ ಚೆನ್ನಾಗಿ ಆಡ್ತಾರೆ, ಯಾವ ಗಳಿಗೆಯಲ್ಲಿ ಯಾರು ಬೀಳ್ತಾರೆ ಅಂತ ಎರಡು ಹೆಜ್ಜೆ ಮುಂಚೆ ಲೆಕ್ಕ ಹಾಕಿರ್ತಾರೆ. ಅಂಥವರು ಇದ್ದರೆ ದಂಡಿಗೇ ಭಾಗ್ಯ. ಆದರೆ ಯಾರಿಗೂ ಆಸೆ ಇಲ್ಲದಿದ್ದರೆ ಆ ಕೆಲಸವನ್ನು ಒಬ್ಬರ ಮೇಲೆ ಹೇರೋದು ಬೇಡ, ಹಂಚಿಕೊಳ್ಳಿ ಅಂತಷ್ಟೇ.

ಹಂಚಿಕೊಳ್ಳೋಕೆ ಆಗುತ್ತಾ? ನಮ್ಮ ಹುಡುಗರ ದಂಡಿನಲ್ಲೇ ನೋಡಿದೆವು. ಬಾಲ್ಡರ್ಸ್ ಗೇಟ್ 3ರಲ್ಲಿ ವಿದರ್ಸ್ ಅನ್ನೋ ಒಬ್ಬ ಒಣಗಿದ ಅಸ್ಥಿಪಂಜರದಂಥ ಮುದುಕ ಬಿಡಾರದಲ್ಲಿ ನಿಂತಿರ್ತಾನೆ, 100 ಚಿನ್ನದ ನಾಣ್ಯ ಕೊಟ್ಟರೆ ಯಾರ ವರ್ಗ ಬೇಕಾದ್ರೂ ಬದಲಾಯಿಸಿ ಕೊಡ್ತಾನೆ. (ನಮ್ಮ ಸಮಾಜಕ್ಕೂ ಒಬ್ಬ ಇಂಥವನು ಬೇಕಿತ್ತು, ನೂರು ರೂಪಾಯಿಗೆ!) ಅಣ್ಣ ಪ್ಯಾಲಡಿನ್ ಆಗಿಯೇ ಉಳಿದ. ಪ್ಯಾಲಡಿನ್‌ಗೆ ಕೈ ಇಟ್ಟು ಗಾಯ ಮಾಯಿಸುವ ಶಕ್ತಿ ಮೊದಲಿಂದಲೂ ಇತ್ತು, ಅದನ್ನವನು ಬರೀ ತನಗೇ ಉಪಯೋಗಿಸ್ಕೊಳ್ತಿದ್ದ ಅನ್ನೋದು ಬೇರೆ ಮಾತು. ರೋಗ್ ಆಗಿದ್ದ ಗೆಳೆಯ ಬಾರ್ಡ್ ಆದ. ಬಾರ್ಡ್ ಅಂದರೆ ಹಾಡುಗಾರ, ಅವನ ಹತ್ತಿರ ದೂರದಿಂದಲೇ ಬಿದ್ದವರನ್ನು ಎಬ್ಬಿಸೋ ಮಂತ್ರ ಇರುತ್ತೆ, ಜೊತೆಗೆ ಇಡೀ ದಂಡಿಗೆ ಒಂದು ವಿಶ್ರಾಂತಿ ಹೆಚ್ಚಿಗೆ ಸಿಗುತ್ತೆ. ಖಾನಾಪುರದ ಹುಡುಗ ರೇಂಜರ್ ಆದ, ಅವನಿಗೂ ಒಂದು ಸಣ್ಣ ಚಿಕಿತ್ಸೆ ಬರುತ್ತೆ. ತಂಗಿ ಬಾರ್ಬೇರಿಯನ್. ಈ ಗೇಮಿನಲ್ಲಿ ಔಷಧದ ಬಾಟಲಿಯನ್ನು ಕುಡಿಯಲೇಬೇಕು ಅಂತಿಲ್ಲ, ಬಿದ್ದವರ ಹತ್ತಿರ ಎಸೆದರೂ ಒಡೆದು ಗಾಯ ವಾಸಿಯಾಗುತ್ತೆ. ಎಸೆಯೋದರಲ್ಲಿ ಬಾರ್ಬೇರಿಯನ್ನನ್ನು ಮೀರಿಸೋರಿಲ್ಲ. ಈಗ ಅವಳು ಒಂದು ಕೈಯಲ್ಲಿ ಗಾಬ್ಲಿನ್‌ನ ಎತ್ತಿ ಒಗೀತಾಳೆ, ಇನ್ನೊಂದರಲ್ಲಿ ಅಣ್ಣನ ತಲೆಗೆ ಔಷಧದ ಬಾಟಲಿ. ಎರಡನ್ನೂ ಅಷ್ಟೇ ಸಿಟ್ಟಿನಲ್ಲಿ :-) ಬೀಗ? ಸಲಕರಣೆ ಇದ್ದರೆ ಈ ಗೇಮಿನಲ್ಲಿ ಯಾರು ಬೇಕಾದ್ರೂ ಪ್ರಯತ್ನ ಮಾಡಬಹುದು, ಹಾಡುಗಾರನ ಕೈ ಸಾಕು.

ಈ ದಂಡಿನಲ್ಲಿ ಪೂರ್ತಿ ಡಾಕ್ಟರ್ ಒಬ್ಬನೂ ಇಲ್ಲ, ನಾಲ್ಕು ಅರೆ ಕಾಂಪೌಂಡರುಗಳಿದ್ದಾರೆ. ಒಬ್ಬ ಬಿದ್ದರೆ ಎಬ್ಬಿಸೋಕೆ ಮೂವರು. ಮೊದಲಿನ "ಬ್ಯಾಲೆನ್ಸ್ಡ್" ದಂಡಿಗಿಂತ ಇದೇ ಗಟ್ಟಿ ಅಂತ ಅಣ್ಣನೇ ಒಪ್ಪಿಕೊಂಡ, ಸ್ವಲ್ಪ ಮುಖ ಸಣ್ಣ ಮಾಡಿಕೊಂಡು.

ಈ ವಾದ ನಡೀತಿರುವಾಗಲೇ ಖಾನಾಪುರದ ಹುಡುಗ ಕೇಳಿದ್ದು, "ಮಾಮಾರ, ಹಂಗಾರ ನಮ್ಮ ರಾಯಣ್ಣನ ದಂಡಿನ್ಯಾಗ ಕ್ಲೆರಿಕ್ ಯಾರಿದ್ರು?"

ನಗು ಬಂತು, ಆದರೆ ಪ್ರಶ್ನೆ ಸಣ್ಣದಲ್ಲ. ಸಂಗೊಳ್ಳಿ ರಾಯಣ್ಣನನ್ನು ಗೇಮಿಗೆ ಹೋಲಿಸ್ತಾನೆ ಅಂತ ಯಾರೂ ಬೈಯಬೇಡಿ. ನಿಜವಾದ ಕಾಡಿನಲ್ಲಿ ನಿಜವಾದ ಸಣ್ಣ ದಂಡು ಕಟ್ಟಿಕೊಂಡು ಓಡಾಡಿದವನು ನಮ್ಮ ನೆಲದಲ್ಲಿ ಅವನೇ, ಅವನನ್ನು ಬಿಟ್ಟು ಇಟಲಿಯದೋ ಇಂಗ್ಲೆಂಡಿನದೋ ಉದಾಹರಣೆ ಯಾಕೆ ಹುಡುಕಲಿ?

ಹಿನ್ನೆಲೆ ನಿಮಗೆ ಗೊತ್ತಿರೋದೇ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ಕಂಪನಿಯವರು ದೊಡ್ಡ ಸೈನ್ಯ ತಂದು ಕೋಟೆ ಹಿಡಿದರು. ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಗಿದ್ದು, 1829ರಲ್ಲಿ ಅಲ್ಲೇ ತೀರಿಕೊಂಡಳು. ರಾಯಣ್ಣ ಕಿತ್ತೂರಿನ ಶೇತಸನದಿ, ಅಂದರೆ ಊರು ಕಾಯುವ ಚಾಕರಿಗೆ ಪ್ರತಿಯಾಗಿ ಭೂಮಿ ಪಡೆದವನು. ಆ ಭೂಮಿಯ ಬಹುಪಾಲನ್ನು ಹೊಸ ಸರ್ಕಾರ ಕಿತ್ತುಕೊಂಡಿತು, ಉಳಿದದ್ದರ ಮೇಲೆ ಭಾರೀ ಕಂದಾಯ ಹಾಕಿತು. ಕೋಟೆ ಇಲ್ಲ, ಖಜಾನೆ ಇಲ್ಲ, ಅರಸು ಮನೆತನದ ದತ್ತುಮಗ ಶಿವಲಿಂಗಪ್ಪನನ್ನು ಗಾದಿಗೆ ಏರಿಸಬೇಕು ಅನ್ನೋ ಗುರಿ ಮಾತ್ರ ಇದೆ. ಆಗ ಅವನು ಕಟ್ಟಿದ ದಂಡು ಎಂಥದ್ದು? ಅರಮನೆಯ ಸೈನಿಕರನ್ನು ಆರಿಸಿ ಕಟ್ಟಿದ್ದಲ್ಲ. ತನ್ನ ಹಾಗೇ ಭೂಮಿ ಕಳಕೊಂಡವರು, ಹಳ್ಳಿಯ ಬಡವರು, ಕಾಡಿನವರು. ಸಿದ್ದಿ ಸಮುದಾಯದ ಗಜವೀರ ಅವನ ಸಂಗಾತಿ. ಕಚೇರಿಗಳನ್ನು ಸುಡೋದು, ಕಂದಾಯದ ದಫ್ತರ ನಾಶ ಮಾಡೋದು, ಕಂಪನಿಯ ಪರ ಇದ್ದ ಸಾಹುಕಾರರಿಂದ ಹಣ ವಸೂಲಿ ಮಾಡೋದು, ಮತ್ತೆ ಕಾಡಿಗೆ ಮರೆಯಾಗೋದು.

ಗೇಮಿನ ಕಣ್ಣಿನಲ್ಲಿ ನೋಡಿದರೆ ಇವರೆಲ್ಲ ಒಂದೇ ವರ್ಗ! ಎಲ್ಲರೂ ರೇಂಜರ್‌ಗಳು ಅನ್ನಿ. ಕೋಟೆ ಒಡೆಯೋ ತೋಪಿನವನಿಲ್ಲ, ಮಂತ್ರವಾದಿ ಇಲ್ಲ. ಸೂತ್ರದ ಪ್ರಕಾರ ಇದು ನಾಲ್ಕು ದಿನ ಬಾಳಬಾರದ ದಂಡು. ಆದರೂ 1829-30ರಲ್ಲಿ ಖಾನಾಪುರ, ಸಂಪಗಾಂವ, ನಂದಗಡದ ಸುತ್ತಮುತ್ತ ಅದು ಕಂಪನಿಯ ನಿದ್ದೆ ಕೆಡಿಸಿತು. ಖಾನಾಪುರದಿಂದ ಪಶ್ಚಿಮಕ್ಕೆ ಹೋಗಿ ನೋಡಿದವರಿಗೆ ಕಾರಣ ಅರ್ಧ ಅರ್ಥವಾಗುತ್ತೆ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತೆ, ದೇಗಾಂವದ ಕಡೆ ಮಹಾದಾಯಿ. ಒಂದು ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುತ್ತೆ, ಇನ್ನೊಂದು ಪಶ್ಚಿಮಕ್ಕೆ ಗೋವಾಕ್ಕೆ ಇಳಿಯುತ್ತೆ. ಅಲ್ಲಿಯ ಭೀಮಗಡದ ಕಾಡು 2011ರಲ್ಲಿ ವನ್ಯಧಾಮ ಆಯಿತು, ಅದರೊಳಗಿನ ಬಾರಾಪೇಡೆ ಗುಹೆಗಳಲ್ಲಿ ಜಗತ್ತಿನಲ್ಲೇ ಅಪರೂಪದ ರಾಟನ್ಸ್ ಬಾವಲಿ ಇದೆ. ಮಳೆಗಾಲದಲ್ಲಿ ಹತ್ತು ಮಾರು ಮುಂದಿರೋನು ಕಾಣಲ್ಲ. ಇಂಥ ಕಡೆ ದಾರಿ ಬಲ್ಲವನೇ ಅರ್ಧ ಸೈನ್ಯ.

ಉಳಿದ ಅರ್ಧ? ಹುಡುಗನ ಪ್ರಶ್ನೆಗೆ ಉತ್ತರ ಅಲ್ಲಿದೆ. ರಾಯಣ್ಣನ ದಂಡಿನ ಕ್ಲೆರಿಕ್ ಹಳ್ಳಿಯವರು. ರೊಟ್ಟಿ ಕಟ್ಟಿಕೊಟ್ಟವರು, ರಾತ್ರಿ ಬಾಗಿಲು ತೆಗೆದವರು, "ಸಿಪಾಯಿಗಳು ಈ ದಾರೀಲಿ ಬಂದ್ರು" ಅಂತ ಸುದ್ದಿ ಮುಟ್ಟಿಸಿದವರು. ದಂಡಿನ ಪಟ್ಟಿಯಲ್ಲಿ ಅವರ ಹೆಸರು ಇರಲ್ಲ, ಆದರೆ ದಂಡು ನಿಂತಿರೋದೇ ಅವರ ಮೇಲೆ. ಆ ಕೆಲಸ ಯಾರೋ ಒಬ್ಬರ ಕೈಲಿ ಇರಲಿಲ್ಲ, ನೂರು ಮನೆಗೆ ಹಂಚಿಹೋಗಿತ್ತು. ಒಂದು ಮನೆಯನ್ನು ಸುಟ್ಟರೆ ಇನ್ನೊಂದು ಮನೆ.

ಬಿದ್ದದ್ದು ಎಲ್ಲಿ ಅಂದರೆ, ಹಂಚಿಹೋಗದ ಒಂದೇ ಜಾಗದಲ್ಲಿ. ಆ ದಂಡಿನಲ್ಲಿ ಎರಡನೇ ರಾಯಣ್ಣ ಇರಲಿಲ್ಲ. ಕಂಪನಿಯವರಿಗೆ ಅದು ಚೆನ್ನಾಗಿ ಗೊತ್ತಿತ್ತು, ಇಡೀ ಕಾಡು ಜಾಲಾಡೋ ಬದಲು ಒಬ್ಬನನ್ನು ಹಿಡಿಯೋ ದಾರಿ ಹುಡುಕಿದರು. 1830ರ ಏಪ್ರಿಲ್‌ನಲ್ಲಿ ನಮ್ಮವರದೇ ಮೋಸದಿಂದ ಅವನು ಸಿಕ್ಕಿಬಿದ್ದ. ಹಳ್ಳದಲ್ಲಿ ಸ್ನಾನಕ್ಕೆ ಇಳಿದು ಕತ್ತಿಯನ್ನು ನಂಬಿದವನ ಕೈಗೆ ಕೊಟ್ಟಿದ್ದ ಅಂತ ಜನ ಹಾಡಿ ಹೇಳುವ ಕಥೆ ನೀವೂ ಕೇಳಿರ್ತೀರಿ. 1831ರ ಜನವರಿ 26ರಂದು ನಂದಗಡದ ಹತ್ತಿರ ಆಲದ ಮರಕ್ಕೆ ನೇಣು ಹಾಕಿದರು. ಇವತ್ತಿಗೂ ಅಲ್ಲಿಗೆ ಜನ ಹೋಗಿ ಕೈ ಮುಗೀತಾರೆ.

ಹಳೇ ಬಾಲ್ಡರ್ಸ್ ಗೇಟ್‌ನಲ್ಲಿ ಇಂಥದ್ದೇ ಒಂದು ನಿಯಮ ಇದೆ. ಆರು ಜನರಲ್ಲಿ ಯಾರು ಸತ್ತರೂ ದೇವಸ್ಥಾನದಲ್ಲಿ ದುಡ್ಡು ಕೊಟ್ಟು ಎಬ್ಬಿಸಬಹುದು, ಆದರೆ ನಾಯಕ ಸತ್ತರೆ ಆಟ ಅಲ್ಲಿಗೇ ಮುಗೀತು. ಉಳಿದ ಐವರು ಬದುಕಿದ್ದು ಎಷ್ಟೇ ಗಟ್ಟಿಯಾಗಿದ್ದರೂ ಅಷ್ಟೇ. ಐಸ್‌ವಿಂಡ್ ಡೇಲ್‌ನಲ್ಲಿ ಹಾಗಿಲ್ಲ. ಅಲ್ಲಿ ಆರೂ ಜನ ನೀವೇ ಮಾಡಿದವರು, ಯಾರೂ ನಾಯಕನಲ್ಲ, ಒಬ್ಬ ಉಳಿದರೂ ಉಳಿದವರನ್ನು ಎಬ್ಬಿಸೋ ದಾರಿ ಹುಡುಕಬಹುದು. ಕಥೆಯಾಗಿ ಬಾಲ್ಡರ್ಸ್ ಗೇಟೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ದಂಡು ಕಟ್ಟೋ ಪಾಠ ಕಲಿಯೋಕೆ ಐಸ್‌ವಿಂಡ್ ಡೇಲ್ ಒಳ್ಳೇದು.

ಸೈನ್ಯದವರು ಇದನ್ನು ಯಾವಾಗಲೋ ಕಂಡುಕೊಂಡಿದ್ದಾರೆ. ಬೆಳಗಾವಿ ಮೊದಲಿಂದಲೂ ದಂಡಿನ ಊರು, ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇಲ್ಲಿದೆ, ಕಮಾಂಡೋ ತರಬೇತಿಯೂ ಇಲ್ಲಿ ನಡೆಯುತ್ತೆ, ಹಾಗಾಗಿ ಮನೆಮನೆಯಲ್ಲೂ ಇಂಥ ವಿಷಯ ಮಾತಾಡೋರಿದ್ದಾರೆ. ನನಗೆ ಇಷ್ಟವಾದ ಉದಾಹರಣೆ ಅಮೆರಿಕದ್ದು. ಅಲ್ಲಿಯ ಸ್ಪೆಷಲ್ ಫೋರ್ಸಸ್‌ನ ಮೂಲ ತಂಡ 12 ಜನರದ್ದು. ಆಯುಧ ಬಲ್ಲವರು ಇಬ್ಬರು, ಎಂಜಿನಿಯರ್ ಕೆಲಸದವರು ಇಬ್ಬರು, ವೈದ್ಯಕೀಯ ಬಲ್ಲವರು ಇಬ್ಬರು, ರೇಡಿಯೋ ಸಂಪರ್ಕದವರು ಇಬ್ಬರು, ಉಳಿದ ನಾಲ್ವರು ನಾಯಕತ್ವ ಮತ್ತು ಗುಪ್ತಮಾಹಿತಿಗೆ. ಯಾಕೆ ಎಲ್ಲ ಇಬ್ಬಿಬ್ಬರು? ಬೇಕಾದಾಗ ತಂಡವನ್ನು ಮಧ್ಯಕ್ಕೆ ಸೀಳಿ ಆರಾರು ಜನರ ಎರಡು ದಂಡು ಮಾಡಬಹುದು, ಎರಡರಲ್ಲೂ ಎಲ್ಲ ಕೆಲಸದವರೂ ಇರ್ತಾರೆ. ಅದರ ಮೇಲೆ ಒಬ್ಬರ ಕೆಲಸ ಇನ್ನೊಬ್ಬರಿಗೂ ಕಲಿಸಿರ್ತಾರೆ. ಗೇಮಿನ ಆರು ಅಂಕಿಯೇ ಅಲ್ಲೂ ಬಂತು ನೋಡಿ, ಕಾಕತಾಳೀಯವೇ ಇರಲಿ :-)

ನನ್ನ ವಾದ ಎಲ್ಲ ಗೇಮಿಗೂ ಒಂದೇ ಸಮ ಒಪ್ಪುತ್ತೆ ಅಂತಲ್ಲ. 2017ರ ಡಿವಿನಿಟಿ: ಒರಿಜಿನಲ್ ಸಿನ್ 2 ಆಡಿದವರು ಈಗಾಗಲೇ ಬೆರಳು ಎತ್ತಿರ್ತಾರೆ. ಅದರಲ್ಲಿ ಶತ್ರುವಿಗೆ ಎರಡು ಬೇರೆ ಬೇರೆ ಕವಚ, ಕತ್ತಿ ಏಟಿಗೆ ಒಂದು, ಮಂತ್ರಕ್ಕೆ ಒಂದು. ಇಬ್ಬರು ಕತ್ತಿ, ಇಬ್ಬರು ಮಂತ್ರ ಅಂತ ಹಂಚಿಕೊಂಡರೆ ಎರಡು ಕವಚವನ್ನೂ ಅರ್ಧರ್ಧ ಒಡೆದು ಯಾವುದೂ ಪೂರ್ತಿಯಾಗಲ್ಲ. ನಾಲ್ವರೂ ಕತ್ತಿ ಹಿಡಿದರೇ ಬೇಗ ಮುಗಿಯುತ್ತೆ. ಅಂದರೆ ಆ ಗೇಮಿನಲ್ಲಿ ಸೂತ್ರದ ಬ್ಯಾಲೆನ್ಸೇ ಶಿಕ್ಷೆ. ನನಗಂತೂ ಇದು ನನ್ನ ಮಾತಿಗೆ ಪುಷ್ಟಿಯೇ ಅನ್ನಿಸುತ್ತೆ. ಯಾವ ಕಾಡು, ಎಂಥ ಶತ್ರು ಅಂತ ನೋಡದೆ ದಂಡು ಕಟ್ಟೋಕೆ ಆಗಲ್ಲ. ಇನ್ನು ಬಾಲ್ಡರ್ಸ್ ಗೇಟ್ ಒಬ್ಬರೇ ಆಡಿ ಮುಗಿಸೋ ಶೂರರಿದ್ದಾರೆ, ಅನುಭವ ಯಾರ ಜೊತೆಯೂ ಹಂಚಿಹೋಗದೆ ಲೆವೆಲ್ಲು ಸರಸರ ಏರುತ್ತೆ. ಅವರಿಗೊಂದು ದೂರದಿಂದ ನಮಸ್ಕಾರ. ಮಾತಾಡೋಕೆ ಯಾರೂ ಇಲ್ಲದ ಆಟ ನನಗೆ ರುಚಿಸಲ್ಲ.

ಹುಡುಗರ ಬಾಲ್ಡರ್ಸ್ ಗೇಟ್ 3 ಮುಗಿಯುತ್ತಾ ಬಂತು. ಮುಂದಿನ ಸರದಿ ಐಸ್‌ವಿಂಡ್ ಡೇಲ್, 2014ರಲ್ಲಿ ಬಂದ ಎನ್‌ಹ್ಯಾನ್ಸ್ಡ್ ಆವೃತ್ತಿ. ಅದರಲ್ಲಿ ಹೆಣ, ಅಸ್ಥಿಪಂಜರ, ಸಮಾಧಿಗಳ ಕಾಟ ಶುರುವಿನಿಂದಲೇ ಇದೆ, ಅವುಗಳನ್ನು ಓಡಿಸೋಕೆ ಕ್ಲೆರಿಕ್ ಬೇಕೇ ಬೇಕು. ಅದಕ್ಕೆ ಪೂರ್ತಿ ಕ್ಲೆರಿಕ್ ಬಿಟ್ಟು ಎರಡು ಅರ್ಧ ಕ್ಲೆರಿಕ್ ಮಾಡ್ತಿದ್ದೀವಿ: ಒಬ್ಬ ಡ್ವಾರ್ಫ್ ಫೈಟರ್/ಕ್ಲೆರಿಕ್, ಒಬ್ಬ ಅರ್ಧ ಎಲ್ಫ್ ರೇಂಜರ್/ಕ್ಲೆರಿಕ್. ಥೀಫ್ ಕೆಲಸಕ್ಕೆ ಒಬ್ಬ ಫೈಟರ್/ಥೀಫ್, ಒಬ್ಬ ಮೇಜ್/ಥೀಫ್. ಐದನೆಯವನು ಬರೀ ಮೇಜ್. ಆರನೇ ಜಾಗಕ್ಕೆ ಇನ್ನೂ ಜಗಳ ನಡೀತಿದೆ. ಡ್ವಾರ್ಫ್ ಯಾರಿಗೆ ಅಂತ ಚೀಟಿ ಎತ್ತಿದಾಗ ಅಣ್ಣನಿಗೇ ಬಂತು, ಮೊದಲ ಊರಿನ ನೆಲಮಾಳಿಗೆಯಿಂದಲೇ ಅವನು ಮುಲಾಮ ಹಚ್ಚೋಕೆ ಶುರು ಮಾಡಬೇಕು. ತಂಗಿ ಮಾತ್ರ ಆ ಆರನೇ ಜಾಗ ತನಗೇ, ಅದರಲ್ಲಿ ಯಾವ ಮಂತ್ರವೂ ಇರಬಾರದು, ಎರಡು ಕೈಯಲ್ಲಿ ಹಿಡಿಯೋ ಕೊಡಲಿ ಒಂದೇ ಸಾಕು ಅಂತ ಪಟ್ಟು ಹಿಡಿದು ಕೂತಿದ್ದಾಳೆ.